ಮುಳುಗಡೆ, ಇಸವಿ ೨೦೯೧

ನವನಗರ, ಸೆಕ್ಟರ್ ಮೂವತ್ತೊಂದು. ದಾವಲನ ಮೊಬೈಲ್ ರಿಪೇರಿ ಅಂಗಡಿ.
ಅರ್ಧ ಇಳಿಸಿದ ಶಟರಿನೊಳಗೆ ನಾವು ನಾಲ್ವರು,
ಹೊಟ್ಟೆ ಬಿಚ್ಚಿದ ಫೋನುಗಳ ನಡುವೆ
ಹತ್ತು ಮುಖದ ದಾಳ ಎರಡು.
ಒಂದರಲ್ಲಿ ಏಳು ಸವೆದು ಒಂದಾಗಿದೆ,
ವಾರವಾರವೂ ಅದಕ್ಕೇ ಜಗಳ.

ಆಟ ನಡೆಸುವಾಕಿ ಶಿವಲೀಲಾ.
ಹಗಲು ಪುನರ್ವಸತಿ ಕಚೇರಿಯಲ್ಲಿ ಡೇಟಾ ಎಂಟ್ರಿ,
ದಿನಕ್ಕೆ ಇನ್ನೂರು ಹೆಸರು.
ಇಸ್ಪೀಟಿನ ಜೋಕರ್ ಒಂದನ್ನು ನಡುವೆ ಇಟ್ಟು ಮೊದಲೇ ಅಂದಳು:
"ಯಾರಿಗರೆ ಸಾಕನಿಸಿದ್ರ ಈ ಎಲಿ ಮುಟ್ರಿ.
ಯಾಕಂತ ಯಾರೂ ಕೇಳಂಗಿಲ್ಲ."
ದಾವಲ ನಕ್ಕ: "ಅಂಜುಬುರುಕರಿಗೆ ಬೇಕವ್ವಾ ಅದು."

ಇನ್ನು ಕೇಳ್ರಿ.
ಎರಡು ಸಾವಿರದ ತೊಂಬತ್ತೊಂದು.
ಹಿನ್ನೀರು ಸೆಕ್ಟರುಗಳ ಮೆಟ್ಟಿಲು ನೆಕ್ಕುತ್ತಿದೆ.
ದಡದುದ್ದಕ್ಕೂ ನೀಲಿ ಬೋರ್ಡು: ಬಾಡಿಗೆಗೆ ಕಣ್ಣು,
ಕಂತಿನ ಮೇಲೆ ಪುಪ್ಪುಸ.
ಮಹಾನಿಂಗನಿಗೆ ಉಕ್ಕಿನ ಬಲಗೈ, ಮೂರು ಕಂತು ಬಾಕಿ;
ತಿಂಗಳ ಒಂದನೇ ತಾರೀಖು ಬೆರಳು ತಾವೇ ಮಡಚಿಕೊಳ್ಳುತ್ತವೆ.
ದಾವಲ ಕುತ್ತಿಗೆಗೆ ಕಿವಿರು ಹೊಲಿಸಿಕೊಂಡ ಮುಳುಗುಗಾರ.
ನನ್ನ ಬೆನ್ನುಹುರಿಯಲ್ಲೊಂದು ಪ್ಲಗ್ಗು,
ಯಾವ ಗೋಡೆಯ ಮಾತಾದರೂ ಕೇಳುತ್ತದೆ.

ಕೆಲಸ ಸಣ್ಣದು. ಮುಳುಗಿದ ಊರಿಗೆ ಇಳಿದು,
ಕಿಲ್ಲಾದ ಓಣಿಯಲ್ಲಿರುವ ಯಂತ್ರದ ಬಾಯಿ ಮುಚ್ಚಿ ಬರಬೇಕು.
"ಎಂಥಾ ಯಂತ್ರ?"
"ಅಳಿಯೂದು."

ಮನೆ ಅಳೆದು ಬೆಲೆ ಕಟ್ಟಲು ಇಳಿಸಿದ್ದು.
ಕೆಲಸ ಮುಗಿಯಿತೆಂದು ಅದಕ್ಕೆ ಯಾರೂ ಹೇಳಲೇ ಇಲ್ಲ.
ಮನೆ ಮುಗಿದ ಮೇಲೆ ಮೀನು ಅಳೆಯಿತು,
ಮೀನು ಮುಗಿದ ಮೇಲೆ ಕತ್ತಲು.
ಈಗ ರಾತ್ರಿ ತಂತಿಗುಂಟ ಸೆಕ್ಟರಿಗೆ ಬರುತ್ತದೆ.
ಮಲಗಿದವರ ಹಣೆ ಮೇಲೆ ಬೆಳಗಿನ ಹೊತ್ತಿಗೆ ಕೆಂಪು ನಂಬರು,
ಪೈಸೆಯವರೆಗೆ ಸರಿಯಾದ ಮೊತ್ತ.
ಅಳತೆ ಮುಗಿದ ವಸ್ತು ಆಮೇಲೆ ಇರುವ ಅಗತ್ಯವಿಲ್ಲ.

ಇಳಿದೆವು. ಮಹಾನಿಂಗ ದಾಳ ಒಗೆದ.
"ಏಳು!" "ಒಂದಲೇ, ನೋಡು ಸರಿಯಾಗಿ."
ಒಂದೇ ಇರಲಿ ಅಂದಳು ಶಿವಲೀಲಾ, ಮತ್ತು ಬಾಗಿಲು ತಾನಾಗಿ ತೆರೆಯಿತು.
ನೀರಿನಡಿ ಒಣಗಿದ ಕೋಣೆ. ಒಂದು ಟ್ಯೂಬ್‌ಲೈಟು.
ಅವಳ ದನಿ ಬದಲಾಯಿತು, ಏರಿಲ್ಲ ಇಳಿವಿಲ್ಲ:

"ಹಕ್ಕುದಾರರು ಹಾಜರಿದ್ದಾರೆಯೇ?
ಮನೆ ಸಂಖ್ಯೆ ಸಾವಿರದ ನೂರಾ ಹದಿನಾಲ್ಕು.
ಗೋಡೆ ಕಲ್ಲು. ಮಾಳಿಗೆ ಮಣ್ಣು.
ಬೇವಿನ ಮರ ಒಂದು, ಸುತ್ತಳತೆ ಐದಡಿ.
ತೊಟ್ಟಿಲ ಕೊಂಡಿ, ಕಬ್ಬಿಣದ್ದು, ಎರಡು.
ಬೆಲೆ: ಅನ್ವಯಿಸುವುದಿಲ್ಲ."

ನನ್ನ ಬೆನ್ನಿನಲ್ಲಿ, ಇಲ್ಲದ ಪ್ಲಗ್ಗಿನ ಜಾಗ, ತಣ್ಣಗಾಯಿತು.
ಮಹಾನಿಂಗ ದಾಳ ಮುಷ್ಟಿಯಲ್ಲಿ ಕುಲುಕುತ್ತಿದ್ದ.
ಶಿವಲೀಲಾ ಮುಂದಿನ ಸಾಲಿಗೆ ಬಾಯಿ ತೆರೆದಳು,
ಸಾಲು ಬರಲಿಲ್ಲ.
ನಾಟಕ ಅಂದುಕೊಂಡೆವು.
ಆಮೇಲೆ ಅವಳ ಕೈ ಮೆಲ್ಲಗೆ ಫೋನುಗಳನ್ನು ದಾಟಿ ಬಂದು
ಜೋಕರ್ ಮೇಲೆ ಕೂತಿತು.

ಕುಲುಕುವುದು ನಿಂತಿತು.
ಯಾಕಂತ ಯಾರೂ ಕೇಳಲಿಲ್ಲ.
ದಾವಲ ಎದ್ದು ಶಟರು ಪೂರ್ತಿ ಎತ್ತಿ, ರಸ್ತೆಯಾಚೆಗೆ ಕೂಗಿದ:
"ನಾಲ್ಕು ಚಾ! ಒಂದಕ್ಕ ಸಕ್ರಿ ಜಾಸ್ತಿ!"
ಮಹಾನಿಂಗ ಮುಷ್ಟಿಯನ್ನು ಸ್ಕ್ರೂ ಡಬ್ಬಿಯೊಳಗೆ ಇಳಿಸಿ ಅಲ್ಲೇ ಬಿಚ್ಚಿದ.
ಏಳೋ ಒಂದೋ ಯಾರೂ ನೋಡಲಿಲ್ಲ.

ಚಾ ಮುಗಿದ ಎಷ್ಟೋ ಹೊತ್ತಿನ ಮೇಲೆ ನಾನು ಕೇಳಿದೆ:
"ಶನಿವಾರ ಮತ್ತ?"
"ಮತ್ತ," ಅಂದಳು. "ಆದ್ರ ಆ ಮನಿ ಬ್ಯಾಡ."