ಬಾಯಿ

ಮೂರನೇ ಗೇಟು ದಾಟುವ ಮೊದಲೇ ತಿಳಿಯುತ್ತಿತ್ತು
ಹುದಲಿಕರ ವಕೀಲರ ಫಿಯಾಟ್ ಬಂತೆಂದು:
ಹಿಂದಿನ ಸ್ಕೂಟರಿನವರು ಮೂಗು ಮುಚ್ಚಿ
ನೀಲಿ ಹೊಗೆಗೆ ಬೈಯುತ್ತಿದ್ದರು.

"ವಾಲ್ವ್ ಹೋಗ್ಯಾವ," ವಕೀಲರ ವಾದ.
ದಸ್ತಗೀರ ಮಿಸ್ತ್ರಿಗೆ ಸಾಕ್ಷಿ ಬೇಕು.
ಗೇಜು ಹಚ್ಚಿದ. ಮೂರನೇ ಸಿಲಿಂಡರು ಎಪ್ಪತ್ತು.
ಪ್ಲಗ್ಗಿನ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು
"ಹೊಡಿ ಸೆಲ್ಫ್" ಅಂದ ನನಗೆ.
ನೂರಾ ಇಪ್ಪತ್ತು.
"ನೋಡ್ರಿ, ಎಣ್ಣಿ ಕುಡದ ಕೂಡ್ಲೆ ದಮ್ಮು ಬಂತು.
ವಾಲ್ವ್ ಅಲ್ರಿ, ರಿಂಗು."
ಚಮಚ ಒರೆಸಿ ಸಕ್ಕರೆ ಡಬ್ಬಿಗೇ ಹಾಕಿದ.

ಹಳೇ ರಿಂಗನ್ನು ಬೋರಿಗಿಟ್ಟು ನೋಡಿದರೆ
ತುದಿಗಳ ನಡುವೆ ನನ್ನ ಉಗುರು ಹೋಗುವಷ್ಟು ಸಂದು.

ಉದ್ಯಮಬಾಗದಿಂದ ಬ್ಲಾಕು ಹೋನಿಂಗ್ ಆಗಿ ಬಂತು,
ಒಳಗೋಡೆಗೆಲ್ಲ ಸಣ್ಣ ಗೀರಿನ ಜಾಲಿ.
ಹೊಸ ರಿಂಗಿನ ತುದಿಗೆ ಅರ ತಿಕ್ಕುತ್ತ ಕೇಳಿದೆ:
"ಚಾಚಾ, ಬಾಯಿ ಪೂರಾ ಮುಚ್ಚಿದ್ರ?"
"ಬಿಸಿಗೆ ಹಿಗ್ಗಾಕ ಜಾಗಾ ಇಲ್ದ ಮುರೀತದ ಗೌರಾ."

ಬಳೆಗಾರ ಮದುಮಗಳಿಗೆ ಇಡಿಸುವಂತೆ
ಉಸಿರು ಹಿಡಿದು, ಅಗಲಿಸಿ, ಪಿಸ್ಟನ್ನಿಗೆ ಏರಿಸಿದ.
ಒಂದೊಂದರ ಬಾಯಿ ಒಂದೊಂದು ದಿಕ್ಕಿಗೆ:
"ಎಲ್ಲಾ ಒಂದ ಸಾಲಿಗೆ ಬಂದ್ರ ಮನಿ ಗುಟ್ಟು ಹೊರಗ."
ಅಣ್ತಮ್ಮರ ಜೋಡಿ ಅಂಗಡಿ ಪಾಲಾದವನು,
ನಗಲಿಲ್ಲ.

ಚಾಲೂ ಆಯಿತು. ಮತ್ತೆ ಹೊಗೆ!
ವಕೀಲರ ಮುಖ ಸಣ್ಣದಾಯಿತು.
"ಐನೂರು ಕಿಲೋಮೀಟರು ತಡೀರಿ,
ಒಂದಕ್ಕೊಂದು ಇನ್ನೂ ಪರಿಚಯ ಇಲ್ಲ."

ಈಗ ಅವರು ಯಾವಾಗ ಬರುತ್ತಾರೆ, ಹೋಗುತ್ತಾರೆ
ಗೇಟಿನಲ್ಲಿ ಯಾರಿಗೂ ತಿಳಿಯುವುದಿಲ್ಲ.
ಮಿಸ್ತ್ರಿಗೆ ಅದೇ ಸಿಟ್ಟು:
"ಹಾರ್ನ್ ಆದರೂ ಹೊಡೀಬಾರ್ದೇನು ಮನಿಶ್ಯಾ?"