ಕೂರುವ ಜಾಗ

ಬೀಡಿ ಬ್ರಾಂಚಿನ ಮೆಟ್ಟಿಲಲ್ಲಿ ಜಾರಿದ್ದು. ಇರುವುದೇ ಮೂರು ಮೆಟ್ಟಿಲು,
ಪಾಚಿ ಉಜ್ಜುವವರಿಲ್ಲ.
ಕೈಯಲ್ಲಿ ಎಂಟುನೂರು ಬೀಡಿ;
ಅದನ್ನು ಎತ್ತಿ ಹಿಡಿದೇ ಧೊಪ್ಪೆಂದು ಕೂತೆ ಕಲ್ಲಿನ ಮೇಲೆ.
ಒಂದೂ ಚದುರಲಿಲ್ಲ.
ಚೆಕ್ಕರ್ ವಾಮನಣ್ಣ ಎಣಿಸಿ, ಹದಿನಾಲ್ಕು ತೆಗೆದು ಬದಿಗಿಟ್ಟು,
ಆಮೇಲೆ ಕೇಳಿದ: "ಪೆಟ್ಟಾಯ್ತಾ ವಾರಿಜ?"

"ಸೊಂಟ" ಅಂದೆ.
ಸೊಂಟ ಅಲ್ಲ, ಅದಕ್ಕೂ ಕೆಳಗೆ.
ಆದರೆ ಬ್ರಾಂಚಿನಲ್ಲಿ ಗಂಡಸರಿದ್ದರು,
ತೊಕ್ಕೊಟ್ಟಿನ ಬಸ್ಸಲ್ಲೂ ಗಂಡಸರಿದ್ದರು,
ಮನೆಯಲ್ಲಿ ಮೈದುನ.
ಹಾಗಾಗಿ ಹತ್ತು ದಿನ ಸೊಂಟಕ್ಕೇ ಎಣ್ಣೆ ತಿಕ್ಕಿಸಿಕೊಂಡೆ,
ನೋವು ಒಂದು ಗೇಣು ಕೆಳಗೆ ಕೂತು ನೋಡುತ್ತಿತ್ತು.

ಕೆಮ್ಮಿದರೆ ಜೀವ ಹೋಗುವುದು. ಸೀನಿದರೆ ಕಣ್ಣು ಕತ್ತಲೆ.
ಒಂದು ಮಗ್ಗುಲಿಂದ ಇನ್ನೊಂದಕ್ಕೆ ಕಾಲು ಗಂಟೆಯ ಪ್ರಯಾಣ.
ಬಲಗಾಲಿನ ಹಿಂದೆ ಇರುವೆ ಸಾಲು
ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು.
ಪಾಯಿಖಾನೆಯದ್ದು ಹೇಳುವುದಿಲ್ಲ.

ವೆನ್‌ಲಾಕಿನ ಮೊದಲ ಎಕ್ಸ್‌ರೇ ಏನೂ ಇಲ್ಲ ಅಂದಿತು.
ಮೂರನೇ ವಾರ ಒಬ್ಬಳು ಚಿಕ್ಕ ಡಾಕ್ಟರು,
ಬೆರಳಲ್ಲಿ ಮಾಸಿದ ಮದರಂಗಿ, ಕಣ್ಣಲ್ಲಿ ರಾತ್ರಿ ಪಾಳಿ,
ನೋಯುವಲ್ಲಿಗೇ ನೇರ ಹೆಬ್ಬೆರಳಿಟ್ಟಳು.
ನನ್ನ ಕೂಗಿಗೆ ವಾರ್ಡಿನ ಬೆಕ್ಕು ಓಡಿತು.
"ತೊಡೆ ನಡುವೆ ಜೋಮು ಉಂಟಾ?
ಮೂತ್ರ ಹೋಗುವುದು ಗೊತ್ತಾಗ್ತದಾ?
ದಿನಕ್ಕೆ ಎಷ್ಟು ಹೊತ್ತು ಕೂರ್ತೀರಿ?"
ಮೊದಲೆರಡಕ್ಕೆ ಸುಲಭ ಉತ್ತರ.
ಮೂರನೆಯದಕ್ಕೆ ಬೆರಳು ಮಡಿಸಬೇಕಾಯಿತು:
ದಿನಕ್ಕೆ ಒಂಬತ್ತು ಗಂಟೆ, ಹದಿನಾಲ್ಕನೇ ಪ್ರಾಯದಿಂದ.
ನಾನು ಬದುಕಿಡೀ ಮಾಡಿದ್ದೇ ಅದು. ಕೂತದ್ದು.

ಸ್ಕ್ಯಾನಿನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.
ನಾನು ಎಲೆ ಹಿಡಿಯುವುದೂ ಹಾಗೆಯೇ:
ತೂತುಂಟಾ, ನಾರು ದಪ್ಪವಾ, ಸುತ್ತುವಾಗ ಸೀಳೀತಾ.
ಅಂಗೈಯಷ್ಟು ಎಲುಬು, ಚೂಪು ತುದಿ ಕೆಳಗೆ,
ಬದಿಯಲ್ಲಿ ಕೂದಲೆಳೆಯ ಗೆರೆ.
"ಬೀಡಿ ಎಲೆಯಾಗಿದ್ದರೆ ಬಿಸಾಡುತ್ತಿದ್ದೆ" ಅಂದೆ.
ನಕ್ಕಳು. "ಪ್ಲಾಸ್ಟರ್ ಇಲ್ಲ, ಆಪರೇಷನ್ ಇಲ್ಲ,
ಮೂರು ತಿಂಗಳಲ್ಲಿ ತನ್ನಷ್ಟಕ್ಕೆ ಕೂಡ್ತದೆ.
ಹೆಚ್ಚು ಕೂರಬೇಡಿ, ಅಷ್ಟೇ."

ಅಷ್ಟೇ!
ಎಲುಬು ಕೂಡಲಿಕ್ಕೆ ನಾನು ಕೂರಬಾರದು,
ನಾನು ಕೂರದೆ ಅಕ್ಕಿ ಕೂಡುವುದಿಲ್ಲ.

ಗಂಡ ಪೇಂಟಿಂಗ್ ಬ್ರಶ್ ಬಿಟ್ಟು ಗೆರಸೆಯನ್ನು ಮಡಿಲಿಗೆಳೆದ.
ಸಂಜೆಗೆ ಎಪ್ಪತ್ತು ಬೀಡಿ,
ಎಪ್ಪತ್ತೂ ತುಂಬು ಬಸುರಿಯರು.
ನಗಬಾರದಿತ್ತು, ನಕ್ಕೆ, ನೋವಾಯಿತು, ಅತ್ತೆ.

ಹಿಲ್ಡಾಬಾಯಿ ತನ್ನ ಅತ್ತೆಯ ವಾಕರ್ ಕೊಟ್ಟಳು, ಮುದುಕಿಗೆ ಇನ್ನು ಬೇಡವಂತೆ.
ಮೊದಲ ವಾರ ಬಾವಿಕಟ್ಟೆಯವರೆಗೆ.
ಆಮೇಲೆ ಗೇಟು. ಆಮೇಲೆ ಅಂಗಡಿ.
ಸುಣ್ಣದ ರುಚಿಯ ಗುಳಿಗೆ, ಎಳೆ ಬಿಸಿಲು,
ಬೂತಾಯಿ ಮುಳ್ಳು ಸಮೇತ.
ಕಿಟಕಿಯ ದಂಡೆಗೆ ಗೆರಸೆಯಿಟ್ಟು ನಿಂತೇ ಸುತ್ತಿದೆ,
ದಿನಕ್ಕೆ ನೂರು.
ಆಗ ಗೊತ್ತಾಯಿತು: ನಮ್ಮ ಪಾಗಾರದಾಚೆ
ಕಾಸರಗೋಡಿನ ರೈಲು ಕಾಣುತ್ತದೆ.
ಇಪ್ಪತ್ತೆಂಟು ವರ್ಷ ಅದು ಬರೀ ಸದ್ದಾಗಿತ್ತು ನನಗೆ.

ಒಂಬತ್ತನೇ ವಾರ ಮೀನು ಮಾರುವ ಬೇಬಿಯಕ್ಕ
ಬುಟ್ಟಿ ಇಳಿಸಿ, ತಲೆಯ ಸಿಂಬೆ ತೆಗೆದು, ಕೊಡವಿ,
"ಇದರ ಮೇಲೆ ಕೂತು ನೋಡು ಮಾರಾಯ್ತಿ" ಅಂದಳು.
ಮುವ್ವತ್ತು ಕಿಲೋ ಬಂಗುಡೆಯ ಭಾರ ತಿಂದ ಬಟ್ಟೆಯ ಬಳೆ,
ನಡುವೆ ತೂತು.
ಮುರಿದದ್ದು ಸರಿಯಾಗಿ ಆ ತೂತಿನ ಮೇಲೆ
ಗಾಳಿಯಲ್ಲಿ ನಿಂತಿತು.
ಒಂದು ಕಟ್ಟು ಸುತ್ತಿದೆ, ಇಪ್ಪತ್ತೈದು. ಎದ್ದೆ.
ಇನ್ನೊಂದು ಕಟ್ಟು. ಎದ್ದೆ.
ಮನೆಯೆಲ್ಲ ಮೀನಿನ ವಾಸನೆ.

ಮೊನ್ನೆ ಬ್ರಾಂಚಿಗೆ ಹೋದೆ.
ಮೆಟ್ಟಿಲು ಅದೇ, ಪಾಚಿಯೂ ಅದೇ.
ಈ ಸಲ ಒಂದು ಕೈ ಗೋಡೆಗೆ,
ಬಿದ್ದರೆ ಬೀಡಿ ಬೀಳಲಿ.
"ಸೊಂಟ ಹೇಗುಂಟು?" ಎಂದ ವಾಮನಣ್ಣ.
ಒಳಗೆ ಐದಾರು ಗಂಡಸರು.
"ಸೊಂಟಕ್ಕೆಂತ ಆಗಿದೆ? ಮುರಿದದ್ದು ಕುಂಡೆಯ ಎಲುಬು" ಅಂದೆ.
ಅವನು ತಲೆ ತಗ್ಗಿಸಿ ಎಣಿಸಿದ.
ಹನ್ನೊಂದು ತೆಗೆದಿಟ್ಟ.