ರೀ

ಠಾಣೆಯ ಅರ್ಜಿಯಲ್ಲಿ ಹದಿನಾಲ್ಕು ಕಾಲಂ.
ಯಾವ ಬ್ಯಾಂಕು, ಯಾವ ನಂಬರು, ಎಷ್ಟು ಗಂಟೆಗೆ,
ಕಳಕೊಂಡ ಮೊತ್ತ ಅಂಕಿಯಲ್ಲಿ, ಮತ್ತೆ ಅಕ್ಷರದಲ್ಲಿ.
ಹುಬ್ಬಳ್ಳಿಯ ಆ ರೈಟರು ಪೆನ್ನಿನ ಟೊಪ್ಪಿಗಿ ಕಡಿಯುತ್ತ ಅಂದ:
"ಮೇಡಂ, ಇದರಾಗ ಸಮಾಜಶಾಸ್ತ್ರ ಏನ ಬಂತ್ರೀ?
ಲಿಂಕ್ ಒತ್ಯಾರ, ರೊಕ್ಕ ಹೋಗೇತಿ. ಮುಗೀತು."

ಧಾರವಾಡದಿಂದ ಬಸ್ಸು ಹಿಡಿದು ಬಂದವಳು ನಾನು,
ಚೀಲದಲ್ಲಿ ನಲವತ್ತೊಂದು ಪ್ರಶ್ನೆಗಳ ಕಟ್ಟು,
ಗೈಡು ಕೆಂಪು ಶಾಯಿಯಲ್ಲಿ ತಿದ್ದಿದ್ದು.
ಅವನ ಮಾತು ಸುಳ್ಳೆನ್ನಲು ಆಗಲಿಲ್ಲ.
ಒಂದು ಹೆಸರು ಬರಕೊಂಡು ಗದಗಿನ ಗಾಡಿ ಹತ್ತಿದೆ.

ಬೆಟಗೇರಿಯ ಓಣಿ. ಮಗ್ಗದ ಸದ್ದಿಗೆ
ಎರಡೆರಡು ಸಲ ಕೇಳಬೇಕು ಮಾತು.
ನೀಲಗಂಗವ್ವ ಹೊಂಬಳ, ಕಚೇರಿಯೊಂದರ ಪ್ಯೂನು,
ಇಪ್ಪತ್ತೇಳು ವರ್ಷದ ಸರ್ವಿಸು.
"ಏ ನೀಲಾ, ಚಾ ತಾ. ಏ ನೀಲಾ, ಫೈಲ್ ಎಲ್ಲಿ ಇಟ್ಟಿ?
ನಿನ್ನೆ ಸೇರಿದ ಹುಡುಗನೂ, ನನ್ನ ಮಗಳ ವಾರಗಿ ಅಂವ,
ಏ ನೀಲಾ."

ಆ ದಿನ ಹನ್ನೊಂದೂವರೆಗೆ ಫೋನು:
"ನೀಲಗಂಗಾ ಫಕ್ಕೀರಪ್ಪ ಹೊಂಬಳ ಅವರೇನ್ರೀ ಮಾತಾಡೂದು?
ಆರಾಮ ಅದೀರಿಲ್ರೀ? ನಿಮ್ಮದೊಂದ ನಿಮಿಷ ಟೈಮ್ ಬೇಕಿತ್ರೀ."

"ನಮ್ಮ ಕಡೀದ ಮಾತು. ಸ್ಟೂಲಿನ ಮ್ಯಾಲಿಂದ
ನಾ ಎದ್ದ ನಿಂತೆ ನೋಡವಾ," ಅಂದರು,
"ಸೆರಗ ಸರಿ ಮಾಡಿಕೊಂಡೆ.
ಫೋನಿನಾಗ ಕಾಣಸಂಗಿಲ್ಲ ಅಂತ ಗೊತ್ತಿತ್ತು.
ನನ್ನ ಟೈಮ್ ಯಾರೂ ಕೇಳಿದ್ದಿಲ್ಲ.
ಆರು ಅಂಕಿ ಕೇಳಿದ. ಇಷ್ಟ ಮರ್ಯಾದಿ ಕೊಟ್ಟಾವಗ
ಇಲ್ಲ ಅನ್ನೂದು ಹ್ಯಾಂಗ?"

ಒಂದು ಲಕ್ಷ ಎಂಬತ್ತಾರು ಸಾವಿರ.
ಮಗಳ ನರ್ಸಿಂಗ್ ಫೀ ಅದರಲ್ಲೇ ಇತ್ತು.

ಬೀಗದ ಬಗ್ಗೆ ಬರೆದವರು ಬೇಕಷ್ಟು ಮಂದಿ:
ಎಷ್ಟು ಅಕ್ಷರ, ಎಷ್ಟು ಚಿಹ್ನೆ, ಎಷ್ಟು ದಿನಕ್ಕೊಮ್ಮೆ ಬದಲು.
ನಾನು ಟಿಪ್ಪಣಿಯಲ್ಲಿ ಬರೆದೆ:
ಇಪ್ಪತ್ತೇಳು ವರ್ಷ ಯಾರೂ ಬಳಸದ ಒಂದೇ ಅಕ್ಷರ.
ಅದು ಅವನಿಗೆ ಗೊತ್ತಿತ್ತು.

ಗಣೇಶಪೇಟೆಯ ಮೌಲಾಸಾಬರು, ಹೊಲಿಗೆಯಂತ್ರ ರಿಪೇರಿಯವರು,
ಅವರಿಗೆ ರೀ ಬೇಕಿರಲಿಲ್ಲ. ಖಾಕಿ ಅಂಗಿಯ ವಿಡಿಯೋ ಸಾಕಾಯಿತು.
ಒಂಬತ್ತು ತಾಸು ಬಚ್ಚಲಮನೆಯಲ್ಲಿ,
ಕ್ಯಾಮೆರಾದ ಮುಂದೆ, ನೀರಿನ ಪಕ್ಕದಲ್ಲೇ ನೀರು ಕುಡಿಯದೆ.
"ತಪ್ಪೇನು ಅಂತ ಯಾಕ ಕೇಳಲಿಲ್ರೀ?" ಹನ್ನೆರಡನೇ ಪ್ರಶ್ನೆ.
"ನಾವು ಕೇಳೂದ ಬಿಟ್ಟ ಭಾಳ ದಿನ ಆತ್ರೀ, ಬಾಯಾರ."
ಆ ಉತ್ತರಕ್ಕೆ ನನ್ನಲ್ಲಿ ಚೌಕ ಇರಲಿಲ್ಲ.
ಹಾಳೆಯ ಅಂಚಿಗೆ ಬರೆದೆ.

ಮತ್ತೆ ರಾಣೆಬೆನ್ನೂರಿನ ಹುಡುಗ, ಜಾಮೀನಿನ ಮೇಲಿದ್ದವ.
ಐದು ಸಾವಿರಕ್ಕೆ ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು
ಕಂಡಿರದ ಯಾರಿಗೋ ಕೊಟ್ಟಿದ್ದ.
"ಬಿ.ಎ. ಮುಗಿಸಿ ಮೂರು ವರ್ಷ ಮೇಡಂ,
ಮನ್ಯಾಗ ನನಗ ದಂಡಪಿಂಡ ಅಂತಾರ.
ಅವರು ಸರ್ ಅಂತ ಮೆಸೇಜ್ ಹಾಕಿದ್ರು."
ನೀಲಗಂಗವ್ವನ ರೊಕ್ಕ ಅವನ ಖಾತೆಯಲ್ಲಿ
ಹನ್ನೊಂದು ನಿಮಿಷ ಕೂತು ಎದ್ದು ಹೋಗಿತ್ತು.

ಮಳೆಗಾಲ ಕಳೆದು ಎರಡನೇ ಸುತ್ತು.
ಹೊಸ ನಂಬರಿನಿಂದ ಫೋನು ಮಾಡಿದೆ:
"ನೀಲಗಂಗವ್ವಾರ ಏನ್ರೀ? ನಿಮ್ಮದೊಂದ ನಿಮಿಷ..."
ಕಟ್ಟಾಯಿತು.
ಫೋನು ಹಿಡಿದು ನಿಂತೇ ಇದ್ದೆ.
ಅದೇ ಮೆತ್ತಗಿನ ದನಿ, ಅದೇ ರೀ,
ನನಗೂ ಅವರಿಂದ ಏನೋ ಬೇಕಿತ್ತು.
ನನ್ನ ಕಾಗದದಲ್ಲಿ ಅವರ ಹೆಸರು
ಮಾಹಿತಿದಾರರು, ಹದಿನೇಳು.

ಮತ್ತೆ ಗಾಡಿ, ಮತ್ತೆ ಮಗ್ಗದ ಸದ್ದು.
"ನೀ ಏನ? ಮೊದಲ ಹೇಳಬಾರದಾ. ಕುಂದ್ರು."
ಚಾ ತಂದರು. ಎದ್ದು ಇಸಕೊಂಡೆ.
"ಒಂದ ಮಾತು. ನನಗ ರೀ ಅನಬ್ಯಾಡ,
ಎದಿ ಧಸಕ್ಕ ಅಂತೈತಿ.
ಏ ನೀಲಾ ಅಂದ್ರ ನಡೀತೈತಿ.
ಅದು ರೊಕ್ಕ ಕೇಳಂಗಿಲ್ಲ."

ಚಾ ಆರುತ್ತಿತ್ತು.
ಏನಂತ ಕರೆಯಲಿ ತಿಳಿಯದೆ
"ಸಕ್ಕರಿ ಸ್ವಲ್ಪ ಜಾಸ್ತಿ ಆಗೇತಿ" ಅಂದೆ.